ಎರಡು ಮೀಟ್ ಗೆದ್ದರೂ ಕಪ್ ಯಾಕೆ ಸಿಗಲಿಲ್ಲ? ಡ್ರ್ಯಾಗ್ ರೇಸಿನ ಅಂಕಗಳ ಲೆಕ್ಕ

ಪ್ರಶ್ನೆ: ನಾನು ಕಾರವಾರದವನು. ವರ್ಷಕ್ಕೆ ನಾಲ್ಕು ಮೀಟ್ ಇರುವ ಹವ್ಯಾಸಿ ಡ್ರ್ಯಾಗ್ ಚಾಂಪಿಯನ್‌ಶಿಪ್‌ನಲ್ಲಿ ಬೈಕ್ ಓಡಿಸುತ್ತೇನೆ. ನೇರ ಸ್ಟ್ರಿಪ್ಪಿನಲ್ಲಿ ಇಬ್ಬಿಬ್ಬರು ಜೋಡಿಯಾಗಿ ಓಡುವುದು, ಸೋತವರು ಹೊರಗೆ. ಗೆದ್ದವರಿಗೆ 100 ಅಂಕ, ಫೈನಲ್‌ನಲ್ಲಿ ಸೋತವರಿಗೆ 80, ಸೆಮಿಯಲ್ಲಿ ಸೋತರೆ 60, ಕ್ವಾರ್ಟರ್‌ನಲ್ಲಿ ಸೋತರೆ 40, ಮೊದಲ ಸುತ್ತಿನಲ್ಲೇ ಹೊರಬಿದ್ದರೆ 20. ಈ ಸಲ ಎರಡು ಮೀಟ್ ಗೆದ್ದೆ. ಒಂದರಲ್ಲಿ ಹಸಿರು ದೀಪಕ್ಕೆ ಮುಂಚೆಯೇ ಹೊರಟು ರೆಡ್ ಲೈಟ್ ಆಗಿ ಮೊದಲ ಸುತ್ತಿಗೇ ಮುಗಿಯಿತು. ಇನ್ನೊಂದಕ್ಕೆ ಹೊರಟಾಗ ಮಳೆಗೆ ಘಟ್ಟದ ರಸ್ತೆ ಬಂದ್ ಆಗಿತ್ತು, ಅರ್ಧ ದಾರಿಯಿಂದ ವಾಪಸ್ ಬಂದೆ. ಎರಡೂ ಫೈನಲ್‌ನಲ್ಲಿ ನನ್ನೆದುರು ಸೋತ ಹುಡುಗ ಉಳಿದ ಎರಡು ಮೀಟ್‌ನಲ್ಲಿ ಸೆಮಿಗೆ ಬಂದು ಚಾಂಪಿಯನ್ ಆದ. ಅವನು ಒಂದು ಮೀಟನ್ನೂ ಗೆದ್ದಿಲ್ಲ. ಇದು ನ್ಯಾಯವಾ? ಮುಂದಿನ ವರ್ಷದ ನಿಯಮ ಬರೆಯುವ ಕೆಲಸ ನಮ್ಮ ಕ್ಲಬ್ಬಿಗೆ ಬಂದಿದೆ. ಹೇಗೆ ಬರೆಯಬೇಕು? ಕೆಲವು ಗೆಳೆಯರು ಬೈಪಾಸಿನಲ್ಲಿ ರಾತ್ರಿ ರೇಸ್ ಮಾಡಿ 'ತೀರ್ಮಾನ' ಮಾಡೋಣ ಅನ್ನುತ್ತಿದ್ದಾರೆ.

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ಮಾಡಿದ ಮೊದಲ ಕೆಲಸ ಒಂದು ಕಾಗದ ತೆಗೆದುಕೊಂಡು ಕೂಡಿಸಿದ್ದು. ನೀವು: 100, 100, 20, ಸೊನ್ನೆ. ಒಟ್ಟು 220. ಅವರು: 80, 80, 60, 60. ಒಟ್ಟು 280. ಅಂತರ 60 ಅಂಕ. ಅಚ್ಚಾದ ನಿಯಮದ ಪ್ರಕಾರ ಕಪ್ ಅವರದ್ದೇ, ಅದರಲ್ಲಿ ಮೋಸ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಈಗ ಅದೇ ಕಾಗದವನ್ನು ಮಗುಚಿ ನೋಡೋಣ. ನಾಲ್ಕರಲ್ಲಿ ಒಳ್ಳೆಯ ಮೂರು ಮೀಟ್ ಮಾತ್ರ ಲೆಕ್ಕಕ್ಕೆ ಅಂತ ನಿಯಮ ಇದ್ದಿದ್ದರೆ ನಿಮ್ಮದು 220. ಅವರದ್ದೂ 80, 80, 60 ಸೇರಿ 220. ಸಮ! ಸಮ ಬಂದಾಗ ಜಾಸ್ತಿ ಮೀಟ್ ಗೆದ್ದವರಿಗೆ ಕಪ್ ಅಂತ ಇದ್ದಿದ್ದರೆ ನೀವು ಚಾಂಪಿಯನ್. ಇನ್ನೊಂದು ಥರ ನೋಡಿ. ಮೀಟ್ ನಾಲ್ಕನ್ನೂ ಹಿಡಿಯೋಣ, ಆದರೆ ಅಂಕದ ಮೆಟ್ಟಿಲು ಕಡಿದಾಗಿರಲಿ: 100, 60, 35, 20, 10. ಆಗ ನಿಮಗೆ 210, ಅವರಿಗೆ 190. ಮತ್ತೆ ನೀವೇ.

ಓಡಿದ್ದು ಅದೇ ಬೈಕು, ಅದೇ ಸ್ಟ್ರಿಪ್, ಅದೇ ಟೈಮಿಂಗ್ ಸ್ಲಿಪ್. ಬದಲಾದದ್ದು ಕೂಡಿಸುವ ರೀತಿ ಅಷ್ಟೇ.

ಇದು ನಮ್ಮೂರಿನ ಸಣ್ಣ ಕ್ಲಬ್ಬಿಗೆ ಮಾತ್ರ ಬಂದ ತೊಂದರೆ ಅಂದುಕೊಳ್ಳಬೇಡಿ. 1988ರ ಫಾರ್ಮುಲಾ ಒನ್‌ನಲ್ಲಿ ಅಲನ್ ಪ್ರಾಸ್ಟ್ ಇಡೀ ವರ್ಷ ಗಳಿಸಿದ್ದು 105 ಅಂಕ, ಅಯರ್ಟನ್ ಸೆನ್ನಾ ಗಳಿಸಿದ್ದು 94. ಆದರೆ 16 ರೇಸ್‌ಗಳಲ್ಲಿ ಒಳ್ಳೆಯ 11 ಮಾತ್ರ ಲೆಕ್ಕಕ್ಕೆ ಬರುತ್ತಿದ್ದವು. ಹಾಗೆ ಲೆಕ್ಕ ಹಾಕಿದಾಗ ಸೆನ್ನಾಗೆ 90, ಪ್ರಾಸ್ಟ್‌ಗೆ 87. ಚಾಂಪಿಯನ್ ಆದದ್ದು ಸೆನ್ನಾ. ಗೆಲುವು ಎಣಿಸಿದರೆ ಸೆನ್ನಾ 8, ಪ್ರಾಸ್ಟ್ 7. ಇದಕ್ಕೆ ಉಲ್ಟಾ ಆದದ್ದು ಅಮೆರಿಕದ ಕಾರ್ ರೇಸ್ ಸರಣಿ ನ್ಯಾಸ್ಕಾರ್‌ನಲ್ಲಿ. 2003ರಲ್ಲಿ ಮ್ಯಾಟ್ ಕೆನ್ಸೆತ್ ಇಡೀ ವರ್ಷದಲ್ಲಿ ಗೆದ್ದದ್ದು ಒಂದೇ ರೇಸ್, ಚಾಂಪಿಯನ್ ಅವರೇ. ಅದೇ ವರ್ಷ ಎಂಟು ರೇಸ್ ಗೆದ್ದ ರಯಾನ್ ನ್ಯೂಮನ್‌ಗೆ ಕಪ್ ಸಿಗಲಿಲ್ಲ. ಮುಂದಿನ ವರ್ಷವೇ ಅಲ್ಲಿನವರು ಇಡೀ ಪದ್ಧತಿ ಬದಲಿಸಿದರು. ಅಷ್ಟು ದುಡ್ಡು, ಅಷ್ಟು ಜನ ಇರುವ ಕಡೆಯೇ ಹೀಗೆ. ಹಾಗಾಗಿ ನಿಮ್ಮ ಸಂಘಟಕರ ಮೇಲೆ ತುಂಬಾ ಸಿಟ್ಟಾಗಬೇಡಿ.

ನನ್ನ ಅಭಿಪ್ರಾಯ ಏನು ಅಂದರೆ, ಹವ್ಯಾಸಿ ಚಾಂಪಿಯನ್‌ಶಿಪ್‌ನ ಅಂಕಪಟ್ಟಿ ಹವ್ಯಾಸಿಯ ಬದುಕನ್ನು ನೋಡಿ ಬರೆದದ್ದಾಗಿರಬೇಕು. ವೃತ್ತಿಪರ ರೇಸರ್‌ಗೆ ಎಲ್ಲ ಮೀಟಿಗೂ ಬರುವುದೇ ಕೆಲಸ. ನಮ್ಮವರಿಗೆ ಹಾಗಲ್ಲ. ಶನಿವಾರ ರಜೆ ಕೇಳಬೇಕು. ಪಿಕಪ್ ಬಾಡಿಗೆಗೆ ಹಿಡಿಯಬೇಕು, ಬೈಕನ್ನು ಹಗ್ಗ ಹಾಕಿ ಕಟ್ಟಬೇಕು, ಡೀಸೆಲ್ ಹಂಚಿಕೊಳ್ಳಲು ಇನ್ನಿಬ್ಬರನ್ನು ಹುಡುಕಬೇಕು. ಕಾರವಾರದಿಂದ ಬೆಂಗಳೂರಿಗೆ 500 ಕಿಲೋಮೀಟರ್‌ಗೂ ಜಾಸ್ತಿ. ಕೊಯಮತ್ತೂರು, ಚೆನ್ನೈ ಅಂದರೆ ಇನ್ನೂ ದೂರ. ನಮ್ಮ ಕರಾವಳಿಗೆ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಬರುತ್ತದೆ. ಅರಬೈಲ್ ಘಟ್ಟ ಯಾವಾಗ ಕೈಕೊಡುತ್ತದೋ ಹೇಳಲಿಕ್ಕಾಗದು. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳೇ ಹೋದವು, ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಅಂಥ ದಿನ ಮನೆಯಲ್ಲಿ ಉಳಿದವನಿಗೆ ಸೊನ್ನೆ ಕೊಟ್ಟು ಅದನ್ನು ಇಡೀ ವರ್ಷ ಅವನ ಬೆನ್ನಿಗೆ ಕಟ್ಟುವುದು ಸರಿಯಲ್ಲ. ಆ ಸೊನ್ನೆಗೂ ಅವನ ಓಟಕ್ಕೂ ಏನು ಸಂಬಂಧ?

ಹಾಗಾಗಿ ನನ್ನ ಮೊದಲ ಸಲಹೆ: ನಾಲ್ಕು ಮೀಟ್ ಇದ್ದರೆ ಒಂದನ್ನು ಕೈಬಿಡಿ. ಆರು ಇದ್ದರೆ ಎರಡು. ಅದಕ್ಕಿಂತ ಜಾಸ್ತಿ ಬಿಟ್ಟರೆ ಚಾಂಪಿಯನ್‌ಶಿಪ್ ಅನ್ನುವ ಮಾತಿಗೇ ಅರ್ಥ ಇರುವುದಿಲ್ಲ. ಮಳೆಗೆ ಒಂದು ಮೀಟ್ ರದ್ದಾಗಿ ಮೂರೇ ನಡೆದರೆ ಮೂರೂ ಲೆಕ್ಕಕ್ಕೆ. ಇದನ್ನೂ ಮೊದಲೇ ಬರೆದಿಡಿ. ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ: ಎಂಜಿನ್ ಮೋಸಕ್ಕೋ, ಅಪಾಯಕಾರಿಯಾಗಿ ಓಡಿಸಿದ್ದಕ್ಕೋ ಬಂದ ಸೊನ್ನೆಯನ್ನು ಕೈಬಿಡುವಂತಿಲ್ಲ. ರೆಡ್ ಲೈಟಿನ 20 ಬೇಕಾದರೆ ಬಿಡಲಿ. ಮೋಸದ ಸೊನ್ನೆ ಕೊನೆಯವರೆಗೂ ಇರಬೇಕು.

ಇಲ್ಲಿ ಆ ಹುಡುಗನ ಕಡೆಯ ಮಾತನ್ನೂ ಕೇಳಬೇಕು. ಅವರೂ ದೂರದಿಂದ ಬಂದವರೇ ಇರಬಹುದು. ನಾಲ್ಕೂ ಮೀಟಿಗೆ ಬೈಕ್ ತಯಾರು ಮಾಡಿದ್ದಾರೆ, ನಾಲ್ಕರಲ್ಲೂ ಸೆಮಿ ಮುಟ್ಟಿದ್ದಾರೆ, ಒಮ್ಮೆಯೂ ಕ್ಲಚ್ ಸುಟ್ಟಿಲ್ಲ, ಒಮ್ಮೆಯೂ ಲೈಟಿಗೆ ಮುಂಚೆ ಹಾರಿಲ್ಲ. ಅದೂ ಒಂದು ಸಾಮರ್ಥ್ಯ ಅಲ್ವಾ? ಒಂದು ಮೀಟ್ ಬಿಟ್ಟರೆ ಅವರ 60 ಅಂಕ ಸುಮ್ನೆ ಹೋಗುತ್ತದೆ, ನಿಮ್ಮದು ಸೊನ್ನೆ ಹೋಗುತ್ತದೆ. ಇದನ್ನು ಸ್ವಲ್ಪ ಸರಿಮಾಡಲು, ಸ್ಕ್ರೂಟಿನಿ (ಓಟಕ್ಕೆ ಮುಂಚಿನ ಬೈಕ್ ತಪಾಸಣೆ) ಪಾಸಾದ ಪ್ರತಿಯೊಬ್ಬರಿಗೂ ಮೀಟಿಗೆ 10 ಅಂಕ ಕೊಡಿ. ಆ 10 ಮಾತ್ರ ಯಾವತ್ತೂ ಬಿಟ್ಟುಹೋಗಬಾರದು. ರಾತ್ರಿಯೆಲ್ಲಾ ಪ್ರಯಾಣ ಮಾಡಿ ಬಂದು ಪ್ರಾಕ್ಟೀಸ್‌ನಲ್ಲೇ ಪಿಸ್ಟನ್ ಹಿಡಿದುಹೋದವನಿಗೂ ಅದು ಸಿಗುತ್ತದೆ.

ಇನ್ನು ಗೆಲುವಿನ ಬೆಲೆ. ನಿಮ್ಮ ಪಟ್ಟಿಯಲ್ಲಿ ಪ್ರತಿ ಸುತ್ತಿಗೂ 20 ಅಂಕ ಏರುತ್ತದೆ. ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ತನ್ನ ವೃತ್ತಿಪರ ವಿಭಾಗಗಳಲ್ಲಿ ನಡೆಸುವುದೂ ಇದೇ ಥರ, ಸುತ್ತಿಗೆ 20. ನನಗೆ ಇದು ಇಷ್ಟ. ಡ್ರ್ಯಾಗ್‌ನಲ್ಲಿ ಮೊದಲ ಸುತ್ತಾಗಲಿ ಫೈನಲ್ ಆಗಲಿ, ಕೆಲಸ ಒಂದೇ: ಪಕ್ಕದ ಲೇನ್‌ನವನಿಗಿಂತ ಮೊದಲು ಗೆರೆ ದಾಟುವುದು. ಆದರೆ ಫೈನಲ್ ಗೆದ್ದವನು ಸೋಲದೇ ಮನೆಗೆ ಹೋಗುವ ಒಬ್ಬನೇ ಒಬ್ಬ. ಅವನಿಗೆ ಇನ್ನೊಂದು 20 ಸೇರಿಸಿ 120 ಮಾಡಿದರೆ ತಪ್ಪಿಲ್ಲ. ಅದಕ್ಕಿಂತ ಜಾಸ್ತಿ ಬೇಡ. ಮೆಟ್ಟಿಲು ತೀರಾ ಕಡಿದಾದರೆ ದುಡ್ಡಿದ್ದವನ ಬೈಕ್ ಎರಡನೇ ಮೀಟಿಗೇ ಯಾರಿಗೂ ಸಿಗದಷ್ಟು ಮುಂದೆ ಹೋಗುತ್ತದೆ, ಉಳಿದವರು ಮೂರನೇ ಮೀಟಿಗೆ ಬರುವುದೇ ಇಲ್ಲ.

ಕೊನೆಯ ಮೀಟಿಗೆ ಡಬಲ್ ಅಂಕ ಇಡೋಣ, ಮಜಾ ಇರುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ. ಫಾರ್ಮುಲಾ ಒನ್ 2014ರಲ್ಲಿ ಕೊನೆಯ ರೇಸಿಗೆ ಹಾಗೆ ಮಾಡಿ, ಒಂದೇ ವರ್ಷಕ್ಕೆ ಕೈಬಿಟ್ಟಿತು.

ಇಷ್ಟು ಹೊತ್ತು ವರ್ಷದ ಲೆಕ್ಕ ಆಯಿತು. ನನ್ನ ಅನುಭವದಲ್ಲಿ ಜಾಸ್ತಿ ಅನ್ಯಾಯ ಆಗುವುದು ವರ್ಷದ ಕೊನೆಯಲ್ಲಲ್ಲ, ಒಂದೇ ದಿನದ ಒಳಗೆ. ಅದೂ ಜೋಡಿ ಮಾಡುವಾಗ.

ಕೆಲವು ವರ್ಷ ಟೈಮಿಂಗ್ ಟೇಬಲ್ಲಿನಲ್ಲಿ ಕೂತಿದ್ದೇನೆ. ಒಂದು ಮೀಟಿನಲ್ಲಿ ಹೊತ್ತಾಗಿತ್ತು. ಜೋಡಿ ಮಾಡಲು ಮೊದಲು ಟೈಮ್ ನೋಡುವ ಕ್ವಾಲಿಫೈಯಿಂಗ್ ಓಟ ಬಿಟ್ಟು ಹೆಲ್ಮೆಟ್ಟಿನೊಳಗೆ ಚೀಟಿ ಹಾಕಿ ಎತ್ತಿದೆವು. ಎತ್ತಿದ್ದು ನಾನೇ. ಆ ದಿನದ ಅತಿ ವೇಗದ ಎರಡು ಬೈಕ್ ಮೊದಲ ಸುತ್ತಿನಲ್ಲೇ ಎದುರುಬದುರು ಬಂದವು. ಯಲ್ಲಾಪುರದ ಕಡೆಯಿಂದ ಬಂದಿದ್ದ ಒಬ್ಬ ಹುಡುಗ ಆ ಜೋಡಿಯಲ್ಲಿ ಸೋತ. ಅವನ ಸ್ಲಿಪ್ ಇನ್ನೂ ಕಣ್ಣಮುಂದಿದೆ. ರಿಯಾಕ್ಷನ್ (ಹಸಿರು ದೀಪ ಬಂದ ಮೇಲೆ ಹೊರಡಲು ಹಿಡಿದ ಹೊತ್ತು) 0.190, ಓಟ 12.400. ಎದುರಿನವನದು ರಿಯಾಕ್ಷನ್ 0.035, ಓಟ 12.480. ಓಟದ ಗಡಿಯಾರ ಶುರುವಾಗುವುದು ಹಸಿರು ದೀಪ ಬಂದಾಗ ಅಲ್ಲ, ಚಕ್ರ ಜಾಗ ಬಿಟ್ಟಾಗ. ಹಾಗಾಗಿ ಎರಡನ್ನೂ ಕೂಡಿಸಿ ನೋಡಬೇಕು: 12.590ಕ್ಕೆ 12.515. ಸೆಕೆಂಡಿನ ನೂರರಲ್ಲಿ ಏಳೂವರೆ ಭಾಗದಲ್ಲಿ ಸೋತ. ಆ ವೇಗದಲ್ಲಿ ಅದು ಹೆಚ್ಚುಕಡಿಮೆ ಎರಡು ಬೈಕಿನ ಉದ್ದದಷ್ಟು ದೂರ. ಸ್ಲಿಪ್ ಕೈಗೆ ಕೊಟ್ಟಾಗ ಅವನು ಎರಡು ಸಲ ಓದಿದ. "ಸರ್, ನನ್ನ ಟೈಮ್ ಕಡಿಮೆ ಇದೆಯಲ್ಲ?" ಅಂದ. ನಾನು ವಿವರಿಸಿದೆ, ಅವನು ತಲೆ ಆಡಿಸಿ ಹೋದ. ಆಮೇಲೆ ಆ ದಿನ ಯಾರೂ 12.400 ಮುಟ್ಟಲಿಲ್ಲ. ದಿನದ ಅತಿ ಕಡಿಮೆ ಟೈಮ್ ಮಾಡಿದವನಿಗೆ ಸಿಕ್ಕಿದ್ದು ಅತಿ ಕಡಿಮೆ ಅಂಕ. ಅವನಿಗಿಂತ ಒಂದೂವರೆ ಸೆಕೆಂಡ್ ನಿಧಾನ ಇದ್ದವನೊಬ್ಬ ಸುಲಭದ ಚೀಟಿ ಸಿಕ್ಕಿ ಸೆಮಿಗೆ ಹೋದ.

ಸ್ಟಾರ್ಟಿನಲ್ಲಿ ನಿದ್ದೆ ಮಾಡಿದ್ದು ಹುಡುಗನ ತಪ್ಪು, ಅವನು ಸೋತದ್ದು ಸರಿ. ಆದರೆ ಆ ಸೋಲು ಫೈನಲ್‌ನಲ್ಲಿ ಬರಬೇಕಿತ್ತು, ಮೊದಲ ಸುತ್ತಿನಲ್ಲಲ್ಲ. ಅದು ನಮ್ಮ ತಪ್ಪು. ಅವತ್ತಿಂದ ನಾನು ಚೀಟಿ ಎತ್ತಿಲ್ಲ, ಎತ್ತುವ ಕಡೆ ಕೂತಿಲ್ಲ.

ಕ್ವಾಲಿಫೈಯಿಂಗ್ ಒಂದೇ ಓಟ ಇದ್ದರೂ ಸಾಕು, ಅದರ ಮೇಲೆ ಜೋಡಿ ಮಾಡಿ. 16 ಜನ ಇದ್ದರೆ ಎರಡು ದಾರಿ ಇದೆ. ಮೊದಲನೆಯವನಿಗೆ 16ನೆಯವನು, ಎರಡನೆಯವನಿಗೆ 15ನೆಯವನು. ಇದು ವೃತ್ತಿಪರರ ರೀತಿ. ಅಥವಾ ಪಟ್ಟಿಯನ್ನು ಅರ್ಧ ಮಾಡಿ ಮೊದಲನೆಯವನಿಗೆ 9ನೆಯವನು, ಎರಡನೆಯವನಿಗೆ 10ನೆಯವನು. ಹವ್ಯಾಸಿಗಳಿಗೆ ಎರಡನೆಯದೇ ಒಳ್ಳೆಯದು. ಮೊದಲ ರೀತಿಯಲ್ಲಿ ಹೊಸಬ ಪ್ರತಿ ಸಲ ಅತಿ ವೇಗದವನ ಬಾಯಿಗೆ ಬೀಳುತ್ತಾನೆ, ಒಂದು ಓಟಕ್ಕೆ ಮನೆಗೆ ಹೋಗುತ್ತಾನೆ. ಎರಡು ರೀತಿಯಲ್ಲೂ ಒಂದನೆಯ ಮತ್ತು ಎರಡನೆಯ ಬೈಕ್ ಫೈನಲ್‌ಗೆ ಮುಂಚೆ ಎದುರಾಗುವುದಿಲ್ಲ. ಬೇಕಾಗಿರುವುದು ಅದು.

ನೀವು ಒಂದು ವಿಷಯ ಬರೆದಿಲ್ಲ: ನಿಮ್ಮ ಎರಡು ಗೆಲುವು ಎಷ್ಟು ಜನರ ನಡುವೆ ಬಂದವು? ಇದು ದೊಡ್ಡ ಪ್ರಶ್ನೆ. ಮೇಲಿನ ಎಲ್ಲ ಲೆಕ್ಕವನ್ನು 16 ಜನ ಇದ್ದರು ಅಂತ ಹಿಡಿದು ಮಾಡಿದ್ದೇನೆ. ಮಳೆಗಾಲದ ಮೀಟಿಗೆ ನಾಲ್ಕೇ ಜನ ಬಂದರು ಅನ್ನಿ. ಎರಡು ಓಟ ಗೆದ್ದರೆ 100 ಅಂಕ. ಬೇಸಿಗೆಯ ಮೀಟಿಗೆ 16 ಜನ ಬಂದರೆ ಅದೇ 100ಕ್ಕೆ ನಾಲ್ಕು ಓಟ ಗೆಲ್ಲಬೇಕು. ಮೂರೇ ಜನ ಇದ್ದರೆ ಇನ್ನೂ ವಿಚಿತ್ರ. ಒಬ್ಬನಿಗೆ ಬೈ (ಎದುರಾಳಿ ಇಲ್ಲದ ಸುತ್ತು) ಸಿಗುತ್ತದೆ, ಅವನು ನೇರ ಫೈನಲ್‌ಗೆ ಹೋಗಿ ಸೋತರೂ 80. ಅಂದರೆ ಯಾರನ್ನೂ ಸೋಲಿಸದೆ 80!

ಇದಕ್ಕೆ ಮದ್ದು ಸುಲಭ, ಆದರೆ ಎಷ್ಟೋ ಕ್ಲಬ್‌ಗಳು ಮಾಡುವುದಿಲ್ಲ. ಅಂಕವನ್ನು ಮೇಲಿನಿಂದ ಕೆಳಗೆ ಹಂಚಬೇಡಿ, ಕೆಳಗಿನಿಂದ ಮೇಲೆ ಕಟ್ಟಿ. ಮೊದಲ ಓಟಕ್ಕೆ ನಿಂತವನಿಗೆ 20. ಆಮೇಲೆ ಗೆದ್ದ ಪ್ರತಿ ಸುತ್ತಿಗೆ 20. ಮೀಟ್ ಗೆದ್ದವನಿಗೆ ಮೇಲೆ 20. ಆಗ 16 ಜನರ ಮೀಟ್ ಗೆದ್ದವನಿಗೆ 120, ನಾಲ್ಕು ಜನರ ಮೀಟ್ ಗೆದ್ದವನಿಗೆ 80. ಬೈ ಸಿಕ್ಕ ಸುತ್ತಿಗೂ 20 ಕೊಡಿ ಅಂತಲೇ ನನ್ನ ಮಾತು, ಯಾಕೆಂದರೆ ಬೈ ಹೋಗಬೇಕಾದದ್ದು ಕ್ವಾಲಿಫೈಯಿಂಗ್‌ನಲ್ಲಿ ಮೊದಲು ಬಂದವನಿಗೆ. ಆದರೆ ಅವನು ಬೈಕ್ ಸ್ಟಾರ್ಟ್ ಮಾಡಿ, ಗೆರೆಗೆ ತಂದು, ಹಸಿರು ದೀಪಕ್ಕೆ ಹೊರಡಲೇಬೇಕು. ಒಂದೇ ದಿನ ಒಬ್ಬನಿಗೆ ಎರಡು ಬೈ ಬೇಡ.

ವಿಭಾಗಗಳ ವಿಷಯದಲ್ಲೂ ಇದೇ ಎಚ್ಚರ. ಟೂ ಸ್ಟ್ರೋಕ್ ಆರ್‌ಎಕ್ಸ್ 100 ಓಡಿಸುವವನನ್ನೂ ದೊಡ್ಡ ಇಂಪೋರ್ಟೆಡ್ ಬೈಕಿನವನನ್ನೂ ಒಟ್ಟಿಗೆ ಕೂಡಿಸಿ 'ಒಟ್ಟಾರೆ ಚಾಂಪಿಯನ್' ಅಂತ ಕಪ್ ಇಡಬೇಡಿ. ನಮ್ಮ ಶಿರಸಿ ಮಾರುಕಟ್ಟೆಯಲ್ಲಿ ಬೇಯಿಸಿದ ರಾಶಿ ಅಡಿಕೆಯನ್ನೂ ಬೇಯಿಸದ ಚಾಲಿ ಅಡಿಕೆಯನ್ನೂ ಒಂದೇ ರಾಶಿಗೆ ಸುರಿದು ದರ ಕಟ್ಟುತ್ತಾರಾ? ಕಂಬಳದಲ್ಲೂ ಹಗ್ಗಕ್ಕೆ ಬೇರೆ, ನೇಗಿಲಿಗೆ ಬೇರೆ ಬಹುಮಾನ. ಒಬ್ಬ ಸವಾರ ಒಂದೇ ವಿಭಾಗದಲ್ಲಿ ಎರಡು ಬೈಕ್ ಓಡಿಸಿದರೆ ಯಾವುದರ ಅಂಕ ಅವನದು ಅಂತ ಬೆಳಿಗ್ಗೆಯೇ ಬರೆಸಿಕೊಳ್ಳಿ. ಎರಡೂ ಕಡೆಯಿಂದ ಅಂಕ ಕೂಡಿಸುವವರನ್ನು ನೋಡಿದ್ದೇನೆ.

ಸ್ಥಾನಕ್ಕೆ ಅಂಕ ಯಾಕೆ, ಟೈಮಿಗೇ ಅಂಕ ಕೊಡಬಾರದಾ ಅಂತ ಹುಡುಗರು ಕೇಳುತ್ತಾರೆ. ಕೊಡಬಾರದು. ಕಾರವಾರ ಸಮುದ್ರಮಟ್ಟದಲ್ಲಿದೆ, ಶಿರಸಿ ಸುಮಾರು 600 ಮೀಟರ್ ಎತ್ತರ, ಬೆಂಗಳೂರು ಸುಮಾರು 900 ಮೀಟರ್. ಪ್ರತಿ 300 ಮೀಟರ್ ಏರಿದಂತೆ ಟರ್ಬೊ ಇಲ್ಲದ ಎಂಜಿನ್ ಅಂದಾಜು ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಗಾಳಿ ತೆಳುವಾಗುತ್ತದೆ. ಹಾಗಾಗಿ ಚೆನ್ನೈ ಸ್ಟ್ರಿಪ್ಪಿನ ಟೈಮನ್ನೂ ಬೆಂಗಳೂರಿನ ಟೈಮನ್ನೂ ಪಕ್ಕಪಕ್ಕ ಇಡಲಿಕ್ಕೇ ಬರುವುದಿಲ್ಲ. ಒಂದೇ ಗಾಳಿಯಲ್ಲಿ, ಒಂದೇ ಹೊತ್ತಿಗೆ, ಪಕ್ಕದಲ್ಲಿ ನಿಂತವನನ್ನು ಸೋಲಿಸಿದೆಯಾ ಅನ್ನುವುದೇ ಸರಿಯಾದ ಅಳತೆ. ಎರಡು ಲೇನ್ ಕೂಡ ಒಂದೇ ಥರ ಇರುವುದಿಲ್ಲ. ಒಂದರಲ್ಲಿ ಹಿಡಿತ ಜಾಸ್ತಿ ಇರಬಹುದು. ಹಿಂದಿನ ಸುತ್ತಿನಲ್ಲಿ ವೇಗವಾಗಿ ಓಡಿದವನಿಗೆ ಲೇನ್ ಆರಿಸುವ ಹಕ್ಕು ಕೊಡಿ.

ದುಡ್ಡಿನ ಅಂತರ ನಿಮ್ಮ ಕ್ಲಬ್ಬಿನಲ್ಲಿ ತುಂಬಾ ಇದ್ದರೆ ಒಂದು ವಿಭಾಗವನ್ನಾದರೂ ಡಯಲ್-ಇನ್ ಪದ್ಧತಿಯಲ್ಲಿ ಓಡಿಸಿ ನೋಡಿ. ಪ್ರತಿ ಸವಾರ ತನ್ನ ಬೈಕ್ ಎಷ್ಟರಲ್ಲಿ ಓಡುತ್ತದೆ ಅಂತ ಮೊದಲೇ ಬರೆದುಕೊಡುತ್ತಾನೆ. ಒಬ್ಬ 14.80 ಅಂದ, ಇನ್ನೊಬ್ಬ 13.50 ಅಂದ ಅನ್ನಿ. ನಿಧಾನದವನಿಗೆ ಹಸಿರು ದೀಪ 1.30 ಸೆಕೆಂಡ್ ಮುಂಚೆ ಬರುತ್ತದೆ. ತಾನು ಬರೆದುಕೊಟ್ಟದ್ದಕ್ಕಿಂತ ವೇಗವಾಗಿ ಓಡಿದವನು ಸೋಲುತ್ತಾನೆ. ಆಗ ಗೆಲ್ಲುವುದು ತನ್ನ ಬೈಕನ್ನು ಚೆನ್ನಾಗಿ ಬಲ್ಲವನು. ಮೀನು ಮಾರುಕಟ್ಟೆಗೆ ಹೋಗುವ ಬೈಕಿನಲ್ಲೂ ಕಪ್ ಗೆಲ್ಲಬಹುದು.

ಎಂಜಿನ್ ತಪಾಸಣೆ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಅಂಕಪಟ್ಟಿಯಿಂದ ಸರಿಮಾಡಲಾಗದ ಅನ್ಯಾಯ ಇದೊಂದೇ. ಸಾಮಾನ್ಯವಾಗಿ ಫೈನಲ್ ಮುಗಿದ ಮೇಲೆ ಯಾರೋ ದೂರು ಕೊಡುತ್ತಾರೆ, ಆಗ ಎಂಜಿನ್ ಹೆಡ್ ಬಿಚ್ಚಿ ಸಿಲಿಂಡರಿನ ಅಗಲ (ಬೋರ್) ಅಳೆಯುತ್ತಾರೆ. ಸಿಸಿ ಜಾಸ್ತಿ ಇದ್ದರೆ ಗೆದ್ದವನು ಅನರ್ಹ, ಎರಡನೆಯವನಿಗೆ ಕಪ್. ಸರಿ. ಆದರೆ ಅದೇ ಮೋಸದ ಬೈಕಿನ ಎದುರು ಮೊದಲ ಸುತ್ತಿನಲ್ಲಿ ಸೋತವನ ಗತಿ? ಅವನು ಅಷ್ಟು ಹೊತ್ತಿಗೆ ಬೈಕ್ ಪಿಕಪ್ಪಿಗೆ ಏರಿಸಿ ಹೊರಟಿರುತ್ತಾನೆ. ಅವನಿಗೆ ಓಡಬೇಕಿದ್ದ ಮೂರು ಸುತ್ತನ್ನು ಯಾರೂ ವಾಪಸ್ ಕೊಡಲಾರರು. ಸರ್ಕ್ಯೂಟ್ ರೇಸಿನಲ್ಲಿ ಒಬ್ಬ ಅನರ್ಹನಾದರೆ ಹಿಂದಿನವರೆಲ್ಲ ಒಂದೊಂದು ಸ್ಥಾನ ಮೇಲೆ ಬರುತ್ತಾರೆ. ನಾಕೌಟ್‌ನಲ್ಲಿ ಹಾಗೆ ಮಾಡಲು ಬರುವುದಿಲ್ಲ. ಹಾಗಾಗಿ ಅಳತೆ ಕ್ವಾಲಿಫೈಯಿಂಗ್ ಆದ ಕೂಡಲೇ ಆಗಲಿ. ಎಲ್ಲರದ್ದೂ ಬೇಡ, ಮೊದಲ ನಾಲ್ಕು ಬೈಕ್ ಅಳೆದು ಸೀಲ್ ಹಾಕಿದರೆ ಸಾಕು. ಒಂದು ಗಂಟೆ ತಡವಾಗುತ್ತದೆ. ಆಗಲಿ.

ಪತ್ರದ ಕೊನೆಯಲ್ಲಿ ನಿಮ್ಮ ಕೆಲವು ಗೆಳೆಯರು ಬೈಪಾಸಿನಲ್ಲಿ ರಾತ್ರಿ 'ತೀರ್ಮಾನ' ಮಾಡೋಣ ಅಂದರು ಅಂತ ಬರೆದಿದ್ದೀರಿ. ದಯವಿಟ್ಟು ಬೇಡ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ, ಜೈಲೂ ಆಗಬಹುದು. ಎದುರಿಗೆ ಬರುವ ಮೀನಿನ ಲಾರಿಗೆ ನಿಮ್ಮ ರೇಸ್ ಗೊತ್ತಿರುವುದಿಲ್ಲ. ನಿಯಮದಲ್ಲೇ ಬರೆಯಿರಿ: ರಸ್ತೆಯಲ್ಲಿ ರೇಸ್ ಮಾಡಿದ್ದು ಖಚಿತವಾದರೆ ಆ ವರ್ಷದ ಎಲ್ಲ ಅಂಕ ರದ್ದು. ಎನ್‌ಎಚ್‌ಆರ್‌ಎ 1951ರಲ್ಲಿ ಹುಟ್ಟಿದ್ದೇ ಹುಡುಗರನ್ನು ರಸ್ತೆಯಿಂದ ಸ್ಟ್ರಿಪ್ಪಿಗೆ ತರಲು.

ಈಗ ನಾನು ಹೇಳಿದ ನಿಯಮಗಳನ್ನು ನಿಮ್ಮ ವರ್ಷಕ್ಕೇ ಹಾಕಿ ನೋಡೋಣ. ಗೆದ್ದರೆ 120, ಒಳ್ಳೆಯ ಮೂರು ಮೀಟ್, ಬಂದದ್ದಕ್ಕೆ ಹತ್ತತ್ತು. ನಿಮಗೆ 120, 120, 20, ಜೊತೆಗೆ 30. ಒಟ್ಟು 290. ಅವರಿಗೆ 80, 80, 60, ಜೊತೆಗೆ 40. ಒಟ್ಟು 260. ನೀವು 30 ಅಂಕ ಮುಂದೆ. ಆದರೆ ಗೆದ್ದವನಿಗೆ ನಾನು ಸೇರಿಸಿದ ಆ 20 ತೆಗೆದುಬಿಟ್ಟರೆ ನಿಮ್ಮದು 250, ಅವರದ್ದು 260. ಕಪ್ ಮತ್ತೆ ಅವರ ಮನೆಗೆ. ಎಷ್ಟು ತೆಳುವಾದ ಗೆರೆ ನೋಡಿ. ಅದಕ್ಕೇ ನಿಯಮ ಬರೆಯುವ ದಿನ ಒಂದು ಕೆಲಸ ಮಾಡಿ. ಹಿಂದಿನ ಎರಡು ವರ್ಷದ ಫಲಿತಾಂಶ ತೆಗೆದುಕೊಳ್ಳಿ, ಸವಾರರ ಹೆಸರಿನ ಮೇಲೆ ಕಾಗದ ಅಂಟಿಸಿ ಬರೀ ಅ, ಆ, ಇ, ಈ ಅಂತ ಬರೆಯಿರಿ. ಹೊಸ ನಿಯಮಗಳನ್ನು ಅದರ ಮೇಲೆ ಓಡಿಸಿ. ಯಾವ ಥರದ ಓಟಕ್ಕೆ ಕಪ್ ಹೋಗಬೇಕು ಅಂತ ಎಲ್ಲರೂ ಒಪ್ಪಿದ ಮೇಲೆ ಕಾಗದ ಕೀಳಿ.

ಸಮ ಬಂದರೆ ಏನು ಅನ್ನುವುದನ್ನು ಮರೆಯಬೇಡಿ: ಮೊದಲು ಜಾಸ್ತಿ ಮೀಟ್ ಗೆದ್ದವರು, ಆಮೇಲೆ ಎದುರುಬದುರಾದಾಗ ಗೆದ್ದವರು, ಆಮೇಲೆ ಒಟ್ಟು ಗೆದ್ದ ಸುತ್ತುಗಳು. ಮೊದಲ ಮೀಟಿನ ಎಂಟ್ರಿ ತೆರೆಯುವ ಮುಂಚೆ ಎಲ್ಲವೂ ಅಚ್ಚಾಗಿ ಎಲ್ಲರ ಕೈ ಸೇರಲಿ. ಮಧ್ಯದಲ್ಲಿ ಒಂದಕ್ಷರವೂ ಬದಲಾಗಬಾರದು. ಮತ್ತೆ ಆ ಸಭೆಗೆ ಈ ವರ್ಷದ ಚಾಂಪಿಯನ್‌ನನ್ನೂ ಕರೆಯಿರಿ. ನಾಲ್ಕೂ ಮೀಟಿಗೆ ಬಂದವರು ಅವರು. ನಿಮಗೆ ಕಾಣದ ತೂತು ಅವರಿಗೆ ಕಾಣುತ್ತದೆ.